ಇಲ್ಲಿ ಜನ ಇದ್ದಾರೆ

ಎಲೆಕ್ಟ್ರಾನಿಕ್ ಸಿಟಿ
18 ಫೆಬ್ರವರಿ 2025

ಅಮ್ಮ,

ಫೋನಿನಲ್ಲಿ ನನ್ನ ದನಿ ಏರಿದ ಕೂಡಲೇ ನೀನು ಇಟ್ಟುಬಿಡುತ್ತೀಯ. ನಿನ್ನೆಯೂ ಇಟ್ಟೆ. "ಕೂಗಾಡೋದಾದ್ರೆ ಬರ್ದು ಕಳ್ಸು, ಸ್ಟಾಂಪ್ ಅಂಟ್ಸೋಷ್ಟ್ರಲ್ಲಿ ಅರ್ಧ ಇಳ್ದಿರುತ್ತೆ" ಅನ್ನುವುದು ನಾನು ಹಾಸ್ಟೆಲಿಗೆ ಹೋದಾಗಿನಿಂದ ನಿನ್ನ ಕಾನೂನು. ಸರಿ. ಸ್ಟಾಂಪು ಮೊದಲೇ ಅಂಟಿಸಿಟ್ಟುಕೊಂಡು ಬರೆಯಲು ಕೂತಿದ್ದೇನೆ.

ವಿಶ್ರುತ್‌ನ ಕಿರುಬೆರಳು ಮುರಿದಿದೆ. ಬರೀ ಊತ, ಅರಿಶಿನ ಹಚ್ಚಿದರೆ ಹೋಗುತ್ತೆ ಅಂದೆಯಲ್ಲ, ಹೋಗಲಿಲ್ಲ. ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿ ಕಟ್ಟಿದ್ದಾರೆ. ಬಲಗೈ.

ಭಾನುವಾರದ್ದನ್ನು ನೀನು ಅಪ್ಪನಿಗೆ ಹೇಗೆ ಹೇಳಿದ್ದೀಯೋ ನನಗೆ ಗೊತ್ತಿಲ್ಲ. ನಾನು ನೋಡಿದ್ದನ್ನು ಬರೆಯುತ್ತೇನೆ, ಅಪ್ಪನಿಗೂ ಓದಿ ಹೇಳು. ನಾಗಸಂದ್ರ ದಾಟಿ ಅಷ್ಟು ದೂರ ಆ ಪಾರ್ಕಿಗೆ ಹೋಗಿದ್ದೇ ಸಂಜೆಯ ಪೆರೇಡಿಗೆ. ಐದು ವರ್ಷದ ಹುಟ್ಟುಹಬ್ಬಕ್ಕೆ ಆ ಮಗು ಕೇಳಿದ್ದು ಒಂದೇ, ಸೊಂಡಿಲು ಎತ್ತಿ ಬಣ್ಣದ ಕಾಗದ ಊದುವ ಆ ಯಂತ್ರದ ಆನೆ. ಅದಕ್ಕೇ ನಾನು ಎಳೆಗೂಸು ಕಟ್ಟಿಕೊಂಡು, ಸೊಂಟ ನೋಯಿಸಿಕೊಂಡು, ಬಿಸಿಲು ಇಳಿಯುವ ಮೊದಲೇ ಹಳದಿ ಹಗ್ಗದ ಪಕ್ಕ ಜಾಗ ಹಿಡಿದೆ. ಎಲ್ಲರೂ ಏನಾದರೊಂದು ಹಾಸಿದ್ದರು. ಬೆಡ್‌ಶೀಟು, ದುಪಟ್ಟಾ, ಬ್ಯಾಗು. ಒಂದು ಮನೆಯವರು ತಾತನನ್ನೇ ಕೂರಿಸಿ ಹೋಗಿದ್ದರು. ನಾನು ಹಾಸಿದ್ದು ವಿಶ್ರುತ್‌ನ ಆನೆ ಚಿತ್ರದ ಟವೆಲ್.

ಶರಣ್ಯ ಅತ್ತಳು. ಹಾಲು ಕುಡಿಸುವ ಕೋಣೆಗೆ ಹೋದೆ, ಅಲ್ಲೂ ಸಾಲು. ಚಿನ್ಮಯ್ ನೀರು ತರಲು ಹೋಗಿದ್ದ. ಟವೆಲ್ ಮೇಲೆ ನಿಮ್ಮಿಬ್ಬರನ್ನು ಕೂರಿಸಿ, ಏಳಬೇಡ ಅಮ್ಮ ಅಂತ ಹೇಳಿಯೇ ಹೋಗಿದ್ದೆ.

ವಾಪಸ್ ಬಂದಾಗ ನಮ್ಮ ಜಾಗದಲ್ಲಿ ಒಂದು ಸಂಸಾರ ಕೂತಿತ್ತು. ಹೆಂಗಸು, ಅವಳ ನಾದಿನಿ, ಮೂರು ಮಕ್ಕಳು, ಕೋಲಿಗೆ ಫೋನು ಸಿಗಿಸುತ್ತಿದ್ದ ಗಂಡ. ನೀನು ನಾಲ್ಕನೇ ಸಾಲಿನಲ್ಲಿ ನಿಂತಿದ್ದೆ. ಟವೆಲ್ ಅನ್ನು ಇಸ್ತ್ರಿ ಮಾಡಿದ ಹಾಗೆ ನಾಲ್ಕು ಮಡಿಕೆ ಮಡಿಸಿ ತೋಳಿನ ಮೇಲೆ ಹಾಕಿಕೊಂಡಿದ್ದೆ.

"ಪಾಪ, ಮಕ್ಕಳಿದ್ವು ಕಣೇ. ಕೇಳಿದ್ರು."

ನಿನ್ನ ಕೈ ಹಿಡಿದು ನಿಂತಿದ್ದದ್ದು ಮಗುವಲ್ಲವಾ?

ನಾನು ಹೋಗಿ ಕೇಳಿದೆ. ಮೊದಲು ಮೆತ್ತಗೇ ಕೇಳಿದೆ, ಅದನ್ನು ನೀನು ಮರೆಯಬಾರದು. ಆ ಮನುಷ್ಯ ತಿರುಗಿಯೂ ನೋಡದೆ, "ಟವೆಲ್ ಹಾಕಿದ್ರೆ ಜಾಗ ನಿಮ್ದಾಗ್ಬಿಡುತ್ತಾ ಮೇಡಂ? ಇದೇನು ಮೆಜೆಸ್ಟಿಕ್ ಬಸ್ಸಾ?" ಅಂದ. ಸುತ್ತ ಇದ್ದವರು ನಕ್ಕರು. ನನ್ನ ಟವೆಲ್ ಇದ್ದ ಜಾಗದಲ್ಲೇ ಅವನೂ ತನ್ನ ಬೆಡ್‌ಶೀಟ್ ಹಾಸಿದ್ದ, ಅದು ಯಾರಿಗೂ ನಗು ತರಿಸಲಿಲ್ಲ. ಆಗ ನನ್ನ ದನಿ ಏರಿತು. ನೀನು ಹಿಂದಿನಿಂದ ಬಂದು ಅವನಿಗೆ ಏನು ಹೇಳಿದೆ, ನೆನಪಿದೆಯಾ? "ಸಾರಿ ಸಾರ್, ಅವಳಿಗೆ ನಿದ್ದೆ ಇಲ್ಲ."

ನನ್ನ ಪರವಾಗಿ ನೀನು ಕ್ಷಮೆ ಕೇಳಿದೆ. ನನ್ನ ಜಾಗ ಕೊಟ್ಟಿದ್ದು ಸಾಲದೆ.

ಮೊದಲ ಡೋಲು ಬಡಿದ ಕೂಡಲೇ ಮುಂದಿನ ಸಾಲು ಎದ್ದು ನಿಂತಿತು. ಅವರು ನಿಂತರೆಂದು ಹಿಂದಿನವರು, ಅವರ ಹಿಂದಿನವರು. ಎಲ್ಲರೂ ಕೂತಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ಇಷ್ಟು ಸಣ್ಣ ಲೆಕ್ಕ ಆ ಜನಕ್ಕೆ ಹತ್ತುವುದಿಲ್ಲ. ಆ ಮನುಷ್ಯ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡ, ಮೇಲೆ ಆ ಕೋಲು. ಇಳಿಸಿ ಅಂದರೆ, ನೀವೂ ಎತ್ಕೊಳ್ಳಿ ಅಂದ. ನನ್ನ ಎದೆಗೆ ಶರಣ್ಯಳನ್ನು ಕಟ್ಟಿಕೊಂಡಿದ್ದೆ. ವಿಶ್ರುತ್ ನನ್ನ ಚೂಡಿದಾರ ಜಗ್ಗಿ ಆನೆ ಬಂತಾ, ಆನೆ ಬಂತಾ ಎಂದು ಕೇಳುತ್ತಲೇ ಇದ್ದ. ಆಮೇಲೆ ಕೇಳುವುದು ನಿಂತಿತು. ಕಾಲುಗಳ ನಡುವೆ ತೂರಿಕೊಂಡು ಹೋಗಿದ್ದ. ಹಗ್ಗದ ಹತ್ತಿರ ಯಾವುದೋ ಶೂ ಅವನ ಕೈ ಮೇಲೆ ನಿಂತಿತು. ಆ ಡೋಲಿನಲ್ಲಿ ಅವನ ಕಿರುಚಾಟ ಯಾರಿಗೂ ಕೇಳಿಸಲಿಲ್ಲ. ಅವನು ರಸ್ತೆಗೆ ಬಿದ್ದ, ಆನೆ ನಿಂತಿತು. ರೆಕ್ಕೆ ಕಟ್ಟಿಕೊಂಡಿದ್ದ ಡಾನ್ಸಿನ ಹುಡುಗಿ ಎತ್ತಿಕೊಂಡಳು.

ಪೆರೇಡ್ ನಿಂತಿತೆಂದು ಜನ ಗೊಣಗಿದರು. "ಯಾರ್ರೀ ಮಗು ಇದು, ನೋಡ್ಕೊಳ್ಳಕ್ಕಾಗಲ್ವಾ?" ಅಂದಳಲ್ಲ ಒಬ್ಬಳು, ಅವಳು ಯಾರು ಗೊತ್ತಾ? ನೀನು ಪಾಪ ಅಂದು ಜಾಗ ಕೊಟ್ಟವಳು.

ನೀನು ಮಾಡುವ ಮರ್ಯಾದೆಗೆಲ್ಲ ಜಾಗ ನನ್ನದೇ ಯಾಕಾಗಬೇಕು?

ಭಾವನಾ


ಜಾಲಹಳ್ಳಿ
25.2.2025

ಚಿ. ಭಾವನಾ,

ಚೆನ್ನಾಗಿದ್ದೇವೆ ಎಂದು ಬರೆದರೆ ನಿನಗೆ ಸಿಟ್ಟು ಬರುತ್ತದೆ. ಆದರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ನಿಮ್ಮಪ್ಪನಿಗೆ ಓದಿ ಹೇಳಿದೆ, ಒಂದು ಸಾಲನ್ನೂ ಬಿಡಲಿಲ್ಲ. ಪೇಪರ್ ಮಡಿಸಿಟ್ಟು ಕೇಳಿದರು. ಎಳೆ ಮೂಳೆ ಬೇಗ ಕೂಡುತ್ತದೆ ಎಂದರು. ಮತ್ತೆ ಪೇಪರ್ ಬಿಡಿಸಲಿಲ್ಲ.

ಇದರ ಜೊತೆ ಮೆಂತ್ಯದ ಹಿಟ್ಟು ಕಳಿಸಿದ್ದೇನೆ. ಬೆಳಿಗ್ಗೆ ತುಪ್ಪ ಹಾಕಿಕೊಂಡು ತಿನ್ನು, ಹಾಲು ಹೆಚ್ಚುತ್ತದೆ. ವಿಶ್ರುತ್ ಎಡಗೈಯಲ್ಲಿ ಊಟ ಮಾಡುತ್ತೇನೆಂದರೆ ಬೈಯಬೇಡ.

ಆ ಹೆಂಗಸು ಬಂದು ಕೇಳಿದಳು. ಕೇಳಿದವರಿಗೆ ಇಲ್ಲ ಅನ್ನುವುದು ನನಗೆ ಬರುವುದಿಲ್ಲ, ಇದು ನಿನಗೆ ಹೊಸದಲ್ಲ. ಅಷ್ಟು ವರ್ಷ ಫ್ಯಾಕ್ಟರಿ ಬಸ್ಸಿನಲ್ಲಿ ಓಡಾಡಿದೆ. ಕರ್ಚೀಫ್ ಹಾಕಿ ಸೀಟು ಹಿಡಿದವರೂ ಬಸುರಿ ಹತ್ತಿದರೆ ಎದ್ದು ಕೊಡುತ್ತಿದ್ದರು. ಯಾರೂ ಜಗಳವಾಡಿದ್ದು ನಾನು ಕಾಣೆ. ನಾಲ್ಕು ಜನ ಹೊಂದಿಕೊಂಡು ಹೋದರೆ ಐದನೆಯವರಿಗೂ ಜಾಗವಾಗುತ್ತದೆ ಎಂದುಕೊಂಡಿದ್ದೆ. ಈಗಿನ ಜನ ಕೂತಮೇಲೆ ಎದ್ದು ನಿಲ್ಲುತ್ತಾರೆಂದು ನನಗೆ ಹೊಳೆಯಲಿಲ್ಲ.

ಅಷ್ಟು ಜನರ ನಡುವೆ ನಿನ್ನ ದನಿ ಹಾಗೆ ಏರಿದ್ದು ಕೇಳಿ ನನಗೆ... ಹೋಗಲಿ, ಅದನ್ನು ಬರೆಯುವುದು ಬೇಡ.

ರಜ ಮುಗಿದು ಮೇ ಐದಕ್ಕೆ ನೀನು ಆಫೀಸಿಗೆ ಹೊರಡುವಷ್ಟರಲ್ಲಿ ನಾನು ಬಂದು ಕೂತಿರುತ್ತೇನೆ. ಮಕ್ಕಳ ಚಿಂತೆ ನಿನಗೆ ಬೇಡ.

ಅಮ್ಮ


ಎಲೆಕ್ಟ್ರಾನಿಕ್ ಸಿಟಿ
9 ಮಾರ್ಚ್

ಅಮ್ಮ,

ಮೆಂತ್ಯದ ಹಿಟ್ಟು ತಿನ್ನುತ್ತಿದ್ದೇನೆ. ಸಿಟ್ಟಿದೆ ಎಂದು ಹಿಟ್ಟು ಬಿಡುವುದಿಲ್ಲ.

ಬಸುರಿಗೆ ಎದ್ದು ಕೊಟ್ಟವರು ತಾವು ಎದ್ದರು. ಪಕ್ಕದಲ್ಲಿ ಕೂತಿದ್ದವರ ಮಗುವನ್ನು ಎಬ್ಬಿಸಿ ಕೊಡಲಿಲ್ಲ. ಇಷ್ಟನ್ನು ಹೇಳಿ ಈ ವಿಷಯ ಮುಗಿಸಬೇಕೆಂದಿದ್ದೆ. ಆದರೆ ಬರೆಯಲೇಬೇಕಾದ್ದು ಇನ್ನೊಂದಿದೆ.

ವಿಶ್ರುತ್ ಈಗ ದಿನಾ ಪೆರೇಡ್ ಆಡುತ್ತಾನೆ. ಹಜಾರದ ತುಂಬ ಕಾರು, ಡೈನೋಸಾರು, ಶರಣ್ಯಳ ಗಿಲಕಿ, ಎಲ್ಲ ಸಾಲಾಗಿ ಹೋಗುತ್ತವೆ. ನೋಡುವವರ ಸಾಲಿನಲ್ಲಿ ಗೊಂಬೆಗಳು. ನಿನ್ನೆ ನಾನು ಬಟ್ಟೆ ಮಡಿಸುತ್ತಿದ್ದಾಗ ಕೇಳಿಸಿಕೊಂಡೆ. ಕರಡಿ ಬಂದು ಗೊಂಬೆಯನ್ನು ಕೇಳುತ್ತದೆ, ಇಲ್ಲಿ ಯಾರಾದ್ರೂ ಇದಾರಾ? ಗೊಂಬೆ ಹೇಳುತ್ತದೆ, ಯಾರೂ ಇಲ್ಲ, ಬನ್ನಿ ಬನ್ನಿ. ಆಮೇಲೆ ಗೊಂಬೆಯ ಪಕ್ಕದಲ್ಲಿ ಕೂತಿದ್ದ ಪುಟ್ಟ ಆನೆಯನ್ನು ಎತ್ತಿ ಸೋಫಾದ ಕೆಳಗೆ ಹಾಕುತ್ತಾನೆ.

ಹೀಗನ್ನೋದನ್ನ ಎಲ್ಲಿ ಕೇಳಿದೆಯೋ ಅಂದೆ.

"ಅಜ್ಜಿ ಅಂದ್ರಲ್ಲ. ಆಂಟಿ ಕೇಳಿದ್ರು, ಯಾರೂ ಇಲ್ಲ ಬನ್ನಿ ಅಂದ್ರು. ನಾನ್ ಇದ್ನಲ್ಲಮ್ಮ."

ಸಿಟ್ಟಿನಿಂದ ಹೇಳಲಿಲ್ಲ ಅವನು. ಏನೋ ತಿಳಿಯದ್ದನ್ನು ಕೇಳುವ ಹಾಗೆ ಕೇಳಿದ. ನಾನು ಏನು ಹೇಳಬೇಕಿತ್ತು, ನೀನೇ ಹೇಳು. ಅಜ್ಜಿ ದೊಡ್ಡ ಮನಸ್ಸಿನವರು, ಆ ಮನಸ್ಸಿನಲ್ಲಿ ಊರಿನವರೆಲ್ಲ ಇದ್ದಾರೆ, ನೀನೊಬ್ಬ ಇಲ್ಲ ಅಂತಲಾ?

ಜಾಗ ಕೊಟ್ಟೆಯೆಂದು ನಾನು ಕೂಗಾಡಿದ್ದೆ. ಆ ಮಾತಿಗೆ ಹೋಲಿಸಿದರೆ ಜಾಗ ಏನೂ ಅಲ್ಲ.

ನಿದ್ದೆ ಇಲ್ಲ ಎಂದು ಯಾರ ಹತ್ತಿರವೂ ಇನ್ನು ನನ್ನ ಪರವಾಗಿ ಹೇಳಬೇಡ. ನಿದ್ದೆ ಇಲ್ಲ, ನಿಜ. ಮಗು ಮಲಗಿದರೂ ಅದರ ಉಸಿರು ನೋಡುತ್ತ ಕೂರುತ್ತೇನೆ, ಅದೂ ನಿಜ. ಆಫೀಸಿನಲ್ಲಿ ನನ್ನ ಕೆಲಸ ಈಗ ಈರೇಶ್ ಎಂಬುವನು ನೋಡಿಕೊಳ್ಳುತ್ತಿದ್ದಾನೆ. "ನಿಮ್ ಸೀಟ್ ಬೆಚ್ಚಗ್ ಇಟ್ಟಿದ್ದೀನಿ ಮೇಡಂ" ಎಂದು ಮೆಸೇಜ್ ಹಾಕುತ್ತಾನೆ. ಮೇ ಐದಕ್ಕೆ ಬರದಿದ್ದರೆ ಆ ಸೀಟು ಅವನದೇ, ಮ್ಯಾನೇಜರ್ ಬಾಯಿಬಿಟ್ಟೇ ಹೇಳಿದ್ದಾಳೆ. ಇಷ್ಟಿದ್ದೂ ನನಗೆ ನೆಟ್ಟಗೆ ಕೇಳಿಸುತ್ತದೆ, ನೆಟ್ಟಗೆ ಕಾಣಿಸುತ್ತದೆ.

ಭಾವನಾ


ಜಾಲಹಳ್ಳಿ
ಯುಗಾದಿ, 30.3.2025

ಚಿ. ಭಾವನಾ,

ಬೇವು ಬೆಲ್ಲ ಇಬ್ಬರೇ ತಿಂದೆವು. ನೀನು ಬರಬಹುದೆಂದು ಒಬ್ಬಟ್ಟಿಗೆ ಹೆಚ್ಚೇ ಬೇಳೆ ಹಾಕಿದ್ದೆ. ಶೈಲಾ ಮನೆಗೆ ಕೊಟ್ಟೆ.

ವಿಶ್ರುತ್ ಹೇಳಿದ್ದು ನಿಜ. ಹಾಗೆಯೇ ಅಂದೆ. ಬಾಯಿಗೆ ಬಂದದ್ದು ಅದೇ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಅಷ್ಟು ವರ್ಷವೂ ಅದನ್ನೇ ಅಂದಿದ್ದೇನೆ, ಇಲ್ಲಿ ಯಾರೂ ಇಲ್ಲ, ಬನ್ನಿ. ನಾನು ಇದ್ದೆನಲ್ಲ ಎಂದು ನನಗೆ ಆಗಲೂ ಅನ್ನಿಸುತ್ತಿರಲಿಲ್ಲ. ಮಗುವಿಗೆ ಅನ್ನಿಸಿತು.

ಇನ್ನೊಂದು ಮಾತು. ಸಿಟ್ಟಾಗದೆ ಓದು. ಶೈಲಾಳ ಮಗಳು ಮಂಜುಶ್ರೀಗೆ ಏಪ್ರಿಲ್ ಕೊನೆಗೆ ದಿನ ತುಂಬುತ್ತದೆ. ಶೈಲಾಗೆ ಮಂಡಿ ಏಳಲು ಬಿಡುವುದಿಲ್ಲ, ಬಾಣಂತಿಗೆ ನೀರು ಹಾಕುವುದು ಅವಳಿಂದ ಆಗದು. ಗೋಡೆ ಪಕ್ಕದವರು, ಇಷ್ಟು ವರ್ಷದ ನಂಟು. ಬಂದು ಕೈ ಹಿಡಿದುಕೊಂಡು ಕೇಳಿದಳು. ಒಂದು ನಲವತ್ತು ದಿನ ನೋಡಿಕೊಡುತ್ತೇನೆ ಎಂದೆ. ಜೂನ್ ಎರಡನೇ ವಾರಕ್ಕೆ ನಿನ್ನ ಮನೆಯಲ್ಲಿರುತ್ತೇನೆ. ಅಲ್ಲಿಯವರೆಗೆ ಚಿನ್ಮಯ್ ರಜ ಹಾಕಬಹುದೇನೋ, ಕೇಳಿ ನೋಡು. ಸ್ವಲ್ಪ ಹೊಂದಿಸಿಕೊ ಮಗಳೇ.

ಹೊಸ ವರ್ಷ ನಿಮಗೆಲ್ಲ ತಂಪಾಗಿರಲಿ.

ಅಮ್ಮ


ಎಲೆಕ್ಟ್ರಾನಿಕ್ ಸಿಟಿ
4 ಏಪ್ರಿಲ್

ಅಮ್ಮ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ, ನಾನೇ ತಪ್ಪು ಓದಿರಬಹುದೆಂದು. ಮೊದಲರ್ಧದಲ್ಲಿ, ಇಲ್ಲಿ ಯಾರೂ ಇಲ್ಲ ಎಂದದ್ದು ನಿಜ ಎನ್ನುತ್ತೀಯ. ಎರಡನೇ ಅರ್ಧದಲ್ಲಿ ಅದನ್ನೇ ಮತ್ತೆ ಹೇಳುತ್ತೀಯ. ಶೈಲಾ ಆಂಟಿ ಬಂದು, ಮೇ ತಿಂಗಳಲ್ಲಿ ಇಲ್ಲಿ ಯಾರಾದ್ರೂ ಇದಾರಾ ವತ್ಸಲಾ ಅಂದರು. ಯಾರೂ ಇಲ್ಲ, ಬನ್ನಿ ಬನ್ನಿ ಅಂದೆ. ಒಂದು ಹೆಸರೂ ಬದಲಾಗಿಲ್ಲ ಅಮ್ಮ. ಮಂಜುಶ್ರೀ ಅಂತೆ. ಅವಳೇ.

ನನಗೆ ಏಳನೇ ಕ್ಲಾಸು. ಟೌನ್‌ಶಿಪ್ಪಿನ ರಾಜ್ಯೋತ್ಸವದ ಮೆರವಣಿಗೆಗೆ ನನ್ನನ್ನು ಭುವನೇಶ್ವರಿ ಮಾಡಿದ್ದರು, ಜಡೆ ಉದ್ದ ಇದೆಯೆಂದು. ಟ್ರಾಕ್ಟರ್ ಮೇಲೆ ಸಿಂಹಾಸನ. ಜರಿ ಕಾಗದದ ಕಿರೀಟವನ್ನು ಅಪ್ಪನೇ ಅಂಟಿಸಿ ಮಾಡಿದ್ದರು. ಹಿಂದಿನ ಸಂಜೆ ಶೈಲಾ ಆಂಟಿ ಬಂದು ಮಂಜುಶ್ರೀ ಊಟ ಬಿಟ್ಟು ಅಳುತ್ತಿದ್ದಾಳೆ ಅಂದರು. ನೀನು ಕಿರೀಟ ತಂದು ಕೊಟ್ಟೆ. ನನ್ನನ್ನು ಕೇಳಲಿಲ್ಲ. ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. "ನಮ್ಮ ಭಾವನಾ ಅರ್ಥ ಮಾಡ್ಕೋತಾಳೆ" ಅಂದೆ.

ಮರುದಿನ ನನ್ನನ್ನು ರಸ್ತೆ ಬದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಟ್ರಾಕ್ಟರ್ ಬಂತು. ಚಪ್ಪಾಳೆ ತಟ್ಟು, ಇಲ್ಲದಿದ್ದರೆ ಚೆನ್ನಾಗಿರಲ್ಲ ಎಂದು ಕಿವಿಯಲ್ಲಿ ಹೇಳಿದೆ. ತಟ್ಟಿದೆ. ಕೈ ಕೆಂಪಾಗುವಷ್ಟು ತಟ್ಟಿದೆ. ನನ್ನ ಜಾಗದಲ್ಲಿ ಕೂತವರಿಗೆ ಚಪ್ಪಾಳೆ ತಟ್ಟುವುದನ್ನು ನನಗೆ ಕಲಿಸಿದ್ದು ನೀನು. ಟೌನ್‌ಶಿಪ್ಪಿನಲ್ಲೆಲ್ಲ ನಿನಗೆ ಒಳ್ಳೆಯ ಹೆಸರು. ವತ್ಸಲಮ್ಮ ಅಂದ್ರೆ ಇಲ್ಲ ಅನ್ನೋರೇ ಅಲ್ಲ. ಆ ಹೆಸರಿಗೆ ಹಾಕಿದ ಬಂಡವಾಳ ಯಾರದು?

ನಿನ್ನ ಸೀಟು ಕೊಡು, ನಿನ್ನ ಊಟ ಕೊಡು, ಬೇಕಾದರೆ ನಿನ್ನ ಮನೆಯನ್ನೇ ಕೊಡು. ಅದು ಔದಾರ್ಯ. ಪಕ್ಕದಲ್ಲಿ ನಿಂತ ಮಗುವಿನದನ್ನು ಎತ್ತಿ ಕೊಡುವುದಕ್ಕೆ ಕನ್ನಡದಲ್ಲಿ ಬೇರೆ ಪದ ಇದೆ. ಬರೆಯುವುದಿಲ್ಲ, ನೀನು ನನ್ನ ಅಮ್ಮ.

ಚಿನ್ಮಯ್‌ಗೆ ರಜ ಇಲ್ಲ. ಹೊಂದಿಸಿಕೊ ಅನ್ನುವ ಮಾತನ್ನು ನನಗೆ ಇನ್ನು ಹೇಳಬೇಡ.

ಭಾವನಾ


ಎಲೆಕ್ಟ್ರಾನಿಕ್ ಸಿಟಿ
19 ಏಪ್ರಿಲ್

ಅಮ್ಮ,

ಎರಡು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಫೋನ್ ಮಾಡಿದರೆ ಅಪ್ಪ ಎತ್ತುತ್ತಾರೆ. ಅಮ್ಮ ಬಟ್ಟೆ ಒಣಗಹಾಕ್ತಿದಾಳೆ ಅನ್ನುತ್ತಾರೆ. ಎಷ್ಟು ಬಟ್ಟೆ ಅದು.

ಇವತ್ತು ಮಕ್ಕಳನ್ನು ನೋಡಿಕೊಳ್ಳುವ ಮನೆಯೊಂದನ್ನು ನೋಡಿ ಬಂದೆ, ನಮ್ಮ ಬೀದಿಯ ತುದಿಯಲ್ಲೇ. ಟಿವಿ ಮುಂದೆ ಕೂಸುಗಳನ್ನು ಸಾಲಾಗಿ ಮಲಗಿಸಿದ್ದರು. ಒಂದು ಅಳುತ್ತಿತ್ತು, ಯಾರೂ ಎತ್ತಲಿಲ್ಲ. ಆ ಮನೆಯವಳು ಶರಣ್ಯಳನ್ನು ನೋಡಿ ನಗುತ್ತ, "ತನ್ನಿ ಮೇಡಂ, ಇನ್ನೊಂದಕ್ಕೆ ಜಾಗ ಮಾಡೋಣ" ಅಂದಳು. ಶರಣ್ಯಳನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡೆ. ಆದರೂ ಮಗುವಿಗೆ ಅಭ್ಯಾಸವಾಗಲೆಂದು ಸೋಮವಾರದಿಂದಲೇ ಬಿಡುತ್ತೇನೆ ಎಂದು ಹೇಳಿ ಬಂದಿದ್ದೇನೆ. ಬೇರೆ ದಾರಿ ಇಲ್ಲ.

ನೀನು ಬರುವುದು ಬೇಡ. ಜೂನಿನಲ್ಲೂ ಬೇಡ.

ಭಾವನಾ


ಜಾಲಹಳ್ಳಿ
22.4.2025

ಭಾವನಾ,

ಸೋಮವಾರ ಆಗಿಹೋಯಿತು. ಆ ಮನೆಯಲ್ಲಿ ಮಗುವನ್ನು ಬಿಟ್ಟಿದ್ದರೆ ಈ ಕಾಗದ ಕೈಗೆ ಬಂದ ಕೂಡಲೇ ಕರೆದುಕೊಂಡು ಬಾ. ಕೊರಿಯರಿನವನು ನಾಳೆಯೇ ಮುಟ್ಟಿಸುತ್ತೇನೆ ಎಂದಿದ್ದಾನೆ.

ಇಷ್ಟು ದಿನ ಬರೆಯಲಿಲ್ಲ. ಕಿರೀಟದ ವಿಷಯಕ್ಕೆ ಉತ್ತರ ಸಿಗುತ್ತದೇನೋ ಎಂದು ಕಾಯುತ್ತಿದ್ದೆ. ಸಿಗಲಿಲ್ಲ. ನೀನು ಬಾಗಿಲ ಹತ್ತಿರ ನಿಂತಿದ್ದದ್ದು ನನಗೆ ಗೊತ್ತಿತ್ತು.

ಹತ್ತೊಂಬತ್ತರ ನಿನ್ನ ಕಾಗದ ಇವತ್ತು ಬಂತು. ಓದಿ ಹಾಗೆಯೇ ಪಕ್ಕದ ಮನೆಗೆ ಹೋದೆ. ಶೈಲಾ ಬಾಣಂತಿ ಖಾರಕ್ಕೆ ಮೆಣಸು ಹುರಿಯುತ್ತಿದ್ದಳು. ನನ್ನ ಕೈಗೇ ಸೌಟು ಕೊಟ್ಟಳು. ಎರಡು ಸಲ ಆಡಿಸಿ ಒಲೆ ಆರಿಸಿದೆ. ಹೇಗೆ ಹೇಳಬೇಕೆಂದು ತಿಳಿಯದೆ ಬಸ್ಸಿನಲ್ಲಿ ಬೇರೆಯವರು ಹೇಳುವ ಹಾಗೆ ಹೇಳಿದೆ.

"ಮೇ ತಿಂಗಳಿಗೆ ಜನ ಇದಾರೆ ಶೈಲಾ. ನಾನು ಆಗಲೇ ಕೂತಾಗಿದೆ."

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ, "ಏನ್ ವತ್ಸಲಾ, ಕಡೆಗಾಲದಲ್ಲಿ ನೀನೂ ಹಿಂಗಾದ್ಯಾ" ಅಂದಳು. ಮಗಳು ಬೈದು ಬರೆದಿರಬೇಕು ಅಂದಳು. ಹೌದು, ಬೈದಿದ್ದಾಳೆ ಎಂದೆ. ಬೀದಿಯಲ್ಲಿ ನನ್ನ ಹೆಸರು ಏನಾಗಬೇಕೋ ಅದಾಗುತ್ತದೆ. ನಿಮ್ಮಪ್ಪ ಸಂಜೆಯೊಳಗೆ ಬಾಣಂತಿಗೆ ನೀರು ಹಾಕುವವಳೊಬ್ಬಳನ್ನು ವಿಚಾರಿಸಿ ಶೈಲಾಗೆ ಗೊತ್ತು ಮಾಡಿಕೊಟ್ಟರು. ಆದರೂ ಶೈಲಾ ನಮ್ಮಿಬ್ಬರ ಹತ್ತಿರವೂ ಮಾತಾಡುತ್ತಿಲ್ಲ. ಮನೆಗೆ ಬಂದು ಮೆಣಸಿನ ಘಾಟು ಹೋಗುವ ತನಕ ಕೈ ತೊಳೆದೆ. ಇಷ್ಟು ಸಣ್ಣ ಮಾತು ಹೇಳುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಬರಬೇಡ ಎಂದು ಬರೆದಿದ್ದೀಯ. ಅದಕ್ಕೇ ಇದರ ಜೊತೆ ನನ್ನ ಟವೆಲ್ ಕಳಿಸಿದ್ದೇನೆ, ನೀಲಿ ಅಂಚಿನದು. ನಿನಗೆ ನನ್ನನ್ನು ಕರೆಯುವ ಮನಸ್ಸಿದ್ದರೆ ಅದನ್ನು ಹಜಾರದ ದಿವಾನದ ಮೇಲೆ ಹಾಸು. ಇಲ್ಲದಿದ್ದರೆ ನೆಲ ಒರೆಸಲು ಇಟ್ಟುಕೊ. ಹಾಸಿದರೆ ಮಾತ್ರ ಒಂದು ಸಾಲು ಬರೆ. ಭಾನುವಾರ, ಮೇ ನಾಲ್ಕಕ್ಕೆ ಹೊರಡುತ್ತೇನೆ.

ಅಮ್ಮ


ಎಲೆಕ್ಟ್ರಾನಿಕ್ ಸಿಟಿ
28 ಏಪ್ರಿಲ್

ಅಮ್ಮ,

ಕೊರಿಯರಿನವನು ಮುಟ್ಟಿಸಿದ್ದು ಮೂರು ದಿನದ ಮೇಲೆ. ಸೋಮವಾರ ಆ ಮನೆಯ ಗೇಟಿನವರೆಗೆ ಹೋಗಿ ಶರಣ್ಯಳನ್ನು ಎತ್ತಿಕೊಂಡೇ ವಾಪಸ್ ಬಂದಿದ್ದೆ. ಬಿಡಲಿಲ್ಲ.

ಕೋಪ ಇನ್ನೂ ಇದೆ. ಒಂದು ಸಲ ಇಲ್ಲ ಅಂದೆಯೆಂದು ಎಲ್ಲ ಸರಿಹೋಗುವುದಿಲ್ಲ. ನೀನು ಇಲ್ಲಿಗೆ ಬಂದಮೇಲೂ ಜಗಳವಾಡುತ್ತೇನೆ. ಆಗ ಇಡುವುದಕ್ಕೆ ಫೋನ್ ಇರುವುದಿಲ್ಲ.

ಟವೆಲ್ ಎರಡು ದಿನ ಕವರಿನಲ್ಲೇ ಇತ್ತು. ಅದನ್ನು ಬಿಚ್ಚಿದ್ದು ನಾನಲ್ಲ, ವಿಶ್ರುತ್. ವಾಸನೆ ನೋಡಿ ಅಜ್ಜೀದು ಅಂದ. ಎಲ್ಲಿ ಹಾಕಬೇಕು ಅಂತ ಕೇಳಿದ. ಹೇಳಿದೆ. ದಿವಾನದ ಮೇಲೆ ಹಾಸಿ, ಸುಕ್ಕು ಬಿಡಿಸಿ, ಮೂಲೆಯಲ್ಲಿ ತನ್ನ ಪುಟ್ಟ ಆನೆಯನ್ನು ಕೂರಿಸಿದ. ಅವನ ಪಟ್ಟಿ ಬಿಚ್ಚಿ ಬಹಳ ದಿನವಾಯಿತು. ಕಿರುಬೆರಳು ಸ್ವಲ್ಪ ಸೊಟ್ಟ ಕೂತಿದೆ, ನೋಡಿದರೆ ನಿನಗೆ ಗೊತ್ತಾಗುತ್ತದೆ.

ನಿನ್ನೆ ಚಿನ್ಮಯ್‌ನ ಗೆಳೆಯ ನಂದೀಶ್ ಬಂದಿದ್ದ. ದೊಡ್ಡನೆಕ್ಕುಂದಿಯಿಂದ ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದು, ಉಸ್ಸಪ್ಪ ಎಂದು ನೇರ ದಿವಾನದ ಕಡೆ ನಡೆದ. ವಿಶ್ರುತ್ ಅಡ್ಡ ನಿಂತ.

"ಅಂಕಲ್, ಇಲ್ಲಿ ಜನ ಇದಾರೆ."

ಚಿನ್ಮಯ್ ನಕ್ಕು, ಬಿಡೋ ಮಗಾ, ಅಂಕಲ್ ಕೂತ್ಕೊಳ್ಳಿ ಪಾಪ ಅಂದ. ನಾನು ಅಡುಗೆಮನೆಯಿಂದ ಬಂದು ಅವನಿಗೆ ಹೇಳಿದೆ, ಪಾಪ ಅನ್ನಿಸಿದರೆ ನಿನ್ನ ಕುರ್ಚಿ ಕೊಡು. ಕೂಗಲಿಲ್ಲ. ಆದರೂ ಎದ್ದ. ನಂದೀಶ್ ಅವನ ಕುರ್ಚಿಯಲ್ಲಿ ಕೂತು, ದಿವಾನದ ಕಡೆ ಕಣ್ಣು ಹಾಯಿಸಿ, ಅಲ್ಲಿ ಯಾರೂ ಕಾಣ್ತಿಲ್ವಲ್ಲಪ್ಪ, ಯಾರಿದಾರೆ ಅಂದ.

"ಅಜ್ಜಿ," ಅಂದ ವಿಶ್ರುತ್. ಸ್ವಲ್ಪ ಯೋಚಿಸಿದ. "ಮತ್ತೆ ನಾನು."

ಭಾನುವಾರ ಚಿನ್ಮಯ್ ಮೆಟ್ರೋ ಇಳಿಯುವಲ್ಲಿ ಕಾಯುತ್ತಿರುತ್ತಾನೆ. ಜಾಲಹಳ್ಳಿಯಲ್ಲಿ ಹತ್ತಿದ ಕೂಡಲೇ ಸೀಟು ಸಿಗುತ್ತದೆ. ಯಾರು ಬಂದು ಯಾವ ಮುಖ ಮಾಡಿಕೊಂಡು ಕೇಳಿದರೂ ಏಳಬೇಡ. ಕೂತುಕೊಂಡು ಬಾ.

ಭಾವನಾ